ಮರಗೆಲಸದವನ ಮೂರನೆಯ ಕೈ



ಬಿಡುವಿನ ವೇಳೆಯಲ್ಲಿ ಮನೆಯಲ್ಲಿಯೇ ಅಷ್ಟಿಷ್ಟು ಮರಗೆಲಸ ಮಾಡಬೇಕೆಂಬ ಆಸೆ ನಮ್ಮ ವಿದ್ಯಾವಂತರಲ್ಲಿ ಅನೇಕರಿಗೆ ಉಂಟು. ಹೀಗೆ ಹೊರಟವರು ಮೊದಲು ಕೇಳುವ ಪ್ರಶ್ನೆ ಯಾವ ಗರಗಸ ಒಳ್ಳೆಯದು, ಯಾವ ಉಳಿ ಒಳ್ಳೆಯದು ಎಂಬುದು. ಕೊಯ್ಯುವ, ಕೆತ್ತುವ ಉಪಕರಣಗಳ ವಿಚಾರ ಎಲ್ಲರಿಗೂ ಹೊಳೆಯುತ್ತದೆ. ಕೊಯ್ಯುವಾಗ ಮರವನ್ನು ಹಿಡಿದಿರುವವರು ಯಾರು ಎಂಬ ಪ್ರಶ್ನೆ ಮಾತ್ರ ಯಾರಿಗೂ ಹೊಳೆಯುವುದಿಲ್ಲ. ನನಗೂ ಹೊಳೆದಿರಲಿಲ್ಲ.

ಅದರ ಫಲವನ್ನು ನಾನು ಅನುಭವಿಸಿದ್ದೇನೆ. ಕೆಲವು ವರ್ಷಗಳ ಕೆಳಗೆ ಒಂದು ಸಣ್ಣ ಮಣೆಗೆ ಕಾಲು ಕೂಡಿಸುತ್ತ, ಮರದ ತುಂಡನ್ನು ಎಡಗೈಯಲ್ಲಿ ಅದುಮಿ ಹಿಡಿದು, ಬಲಗೈಯಲ್ಲಿ ಉಳಿಯನ್ನು ಒತ್ತಿದೆನು. ತುಂಡು ಸರಿಯಿತು; ಉಳಿ ಸರಿಯಲಿಲ್ಲ, ನೇರವಾಗಿ ಬಂದಿತು. ಗಾಯ ಮಾಯಿತು. ಆದರೆ ಎಡಗೈಯ ತೋರುಬೆರಳು ಪೂರ್ತಿಯಾಗಿ ಮಡಿಯುವುದಿಲ್ಲ; ತರಗತಿಯಲ್ಲಿ ಪುಸ್ತಕದ ಹಾಳೆಯನ್ನು ತಿರುವುವಾಗಲೆಲ್ಲ ಅದು ನನಗೆ ಆ ದಿನವನ್ನು ಜ್ಞಾಪಿಸುತ್ತದೆ. ಆದುದರಿಂದ ಈ ಹೊತ್ತು ನಾನು ಹೇಳತಕ್ಕದ್ದು ಕೇವಲ ಒಂದು ಉಪಕರಣದ ವರ್ಣನೆಯಲ್ಲ. ನಿಮ್ಮ ಕೈಯ ಕ್ಷೇಮದ ಮಾತು.

ಭೀಮೆಯೂ ಕೃಷ್ಣೆಯೂ ಹರಿಯುವ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯನ್ನು ನೀವು ಬಲ್ಲಿರಿ. ಹಿಂದೆ ಕಲಬುರ್ಗಿ ಜಿಲ್ಲೆಗೆ ಸೇರಿದ್ದ ಈ ನಾಡು 2009ರ ಕೊನೆಯಲ್ಲಿ ಯಾದಗಿರಿ ಎಂಬ ಬೇರೆ ಜಿಲ್ಲೆಯಾಯಿತು. ಕೃಷ್ಣೆಯ ದಡದ ತಿಂಥಣಿಯಲ್ಲಿ ಮೌನೇಶ್ವರರ ಗುಡಿಯಿದೆ. ಬಡಗಿಗಳೂ ಕಮ್ಮಾರರೂ ಅವರನ್ನು ವಿಶೇಷ ಭಕ್ತಿಯಿಂದ ನಂಬುತ್ತಾರೆ. ಬಂಡಿ, ಕೂರಿಗೆ, ಕುಂಟೆಗಳನ್ನು ಮಾಡಿಕೊಟ್ಟು, ಸುಗ್ಗಿಯಲ್ಲಿ ಆಯದ ಕಾಳನ್ನು ಪಡೆದು ಬಾಳಿದ ಬಡಿಗೇರರ ಮನೆತನಗಳು ಆ ಸೀಮೆಯ ಹಳ್ಳಿಗಳಲ್ಲಿದ್ದುವು. ಸುರಪುರದ ಕಡೆಯ ಒಂದು ಹಳ್ಳಿಯಲ್ಲಿ ವೃದ್ಧ ಬಡಗಿಯೊಬ್ಬರು ಕೆಲಸ ಮಾಡುವುದನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆನು. ಅವರ ಬಳಿ ಮೇಜೂ ಇರಲಿಲ್ಲ, ವೈಸೂ ಇರಲಿಲ್ಲ. ನೆಲದ ಮೇಲೆ ಕುಳಿತು, ಜಾಲಿಯ ತುಂಡಿನ ಒಂದು ತುದಿಯನ್ನು ಕೊರಡಿನ ಕಚ್ಚಿಗೆ ಆನಿಸಿ, ಇನ್ನೊಂದು ತುದಿಯನ್ನು ಹಿಮ್ಮಡಿಯಿಂದ ಅದುಮಿ, ಬಾಚಿಯಿಂದ ಕೆತ್ತುತ್ತಿದ್ದರು. ತುಂಡು ಕೂದಲೆಳೆಯಷ್ಟೂ ಅಲುಗಲಿಲ್ಲ. ಬಾಚಿಯ ಏಟು ಯಾವಾಗಲೂ ಕಾಲಿನಿಂದ ಆಚೆಗೇ ಬೀಳುತ್ತಿತ್ತು.

ಅವರಿಗೆ ವೈಸು ಬೇಡವೆಂದಲ್ಲ. ಅವರ ಮೈಯೇ ವೈಸಾಗಿತ್ತು. ಬಾಲ್ಯದಿಂದ ನಲವತ್ತೈವತ್ತು ವರ್ಷ ಪಳಗಿದ ಹಿಮ್ಮಡಿ ಅದು. ಕುರ್ಚಿಯಲ್ಲಿ ಕುಳಿತು ಓದಿದ ನಾವು ಒಂದು ಭಾನುವಾರದಲ್ಲಿ ಅದನ್ನು ಅನುಕರಿಸಹೊರಟರೆ ಬೆರಳು ಹೋದೀತು. ಪಳಗಿದ ಮೈ ಇಲ್ಲದವನು ಆ ಕೊರತೆಯನ್ನು ಕಬ್ಬಿಣದಿಂದಲೋ ಮರದಿಂದಲೋ ತುಂಬಿಕೊಳ್ಳಬೇಕು.

ಈ ಕೊರತೆ ಹೊಸದಲ್ಲ. ಕ್ರಿ. ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯಿಂದ ಮುಚ್ಚಿಹೋದ ಹರ್ಕ್ಯುಲೇನಿಯಮ್ ಪಟ್ಟಣದ ಗೋಡೆಯ ಚಿತ್ರವೊಂದರಲ್ಲಿ, ಕೆಲಸದ ಬೆಂಚಿನ ಮೇಲೆ ಮರವನ್ನು ಅದುಮಿ ಹಿಡಿದ ಕಬ್ಬಿಣದ ಕೊಕ್ಕೆ ಕಾಣುತ್ತದೆ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಜೋಸೆಫ್ ಮಾಕ್ಸನನು ಎರಡು ತಿರುಪುಗಳ ವೈಸನ್ನು ತನ್ನ ಗ್ರಂಥದಲ್ಲಿ ವಿವರಿಸಿದನು. 1769ರಿಂದ ಪ್ರಕಟವಾಗತೊಡಗಿದ ಫ್ರಾನ್ಸಿನ ಆಂದ್ರೆ ರೂಬೋನ ಗ್ರಂಥದಲ್ಲಿ ಬರುವ ಕೆಲಸದ ಬೆಂಚನ್ನು ಇಂದಿಗೂ ಹವ್ಯಾಸಿಗಳು ನೋಡಿ ಮಾಡಿಕೊಳ್ಳುತ್ತಾರೆ.

ವೈಸಿನ ಬಲವೆಲ್ಲ ತಿರುಪಿನಲ್ಲಿದೆ. ಒಂದು ಸುತ್ತಿಗೆ ತಿರುಪು ಕಾಲು ಅಂಗುಲ ಮುಂದೆ ಸರಿಯುವುದೆಂದೂ, ಹಿಡಿಯ ತುದಿ ನಡುವಿನಿಂದ 5 ಅಂಗುಲ ದೂರವಿದೆಯೆಂದೂ ಇಟ್ಟುಕೊಳ್ಳೋಣ. ನಿಮ್ಮ ಕೈ ಒಂದು ಸುತ್ತಿಗೆ ಸುಮಾರು 31 ಅಂಗುಲ ನಡೆಯುತ್ತದೆ. ದವಡೆ ಕಾಲಂಗುಲ ನಡೆಯುತ್ತದೆ. ಲೆಕ್ಕದಂತೆ ಬಲವು ಸುಮಾರು 125 ಪಾಲು ಹೆಚ್ಚಬೇಕು. ಘರ್ಷಣೆಯಲ್ಲಿ ಮುಕ್ಕಾಲು ಪಾಲು ನಷ್ಟವಾಯಿತೆಂದರೂ 30 ಪಾಲು ಉಳಿಯುತ್ತದೆ. 20 ಪೌಂಡು ಬಲದಿಂದ ತಿರುಗಿಸಿದರೆ 600 ಪೌಂಡಿನ ಹಿಡಿತ! ನಷ್ಟವೆಂದು ಕಂಡ ಆ ಘರ್ಷಣೆಯೇ, ನೀವು ಕೈಬಿಟ್ಟ ಮೇಲೆ ತಿರುಪು ಹಿಂದಕ್ಕೆ ಜಾರದಂತೆ ಕಾಯುತ್ತದೆ.

ಈಗ ಆಯ್ಕೆಯ ವಿಚಾರ. ಅಂಗಡಿಯಲ್ಲಿ ‘ವೈಸು ಕೊಡಿ’ ಎಂದರೆ ಸಾಮಾನ್ಯವಾಗಿ ಸಿಕ್ಕುವುದು ಲೋಹ ಕೆಲಸದ ವೈಸು. ಅದರ ದವಡೆಗಳು ಚಿಕ್ಕವು, ಹಲ್ಲುಳ್ಳವು, ಬೆಂಚಿನ ಮೇಲಕ್ಕೆ ಎದ್ದು ನಿಲ್ಲುವಂಥವು. ಮರವನ್ನು ಅದು ಕಚ್ಚಿ ಗುರುತು ಮಾಡುತ್ತದೆ. ಉದ್ದನೆಯ ಹಲಗೆಗೆ ಆಧಾರ ಕೊಡುವುದಿಲ್ಲ. ನಾನೂ ಮೊದಲು ಅದನ್ನೇ ತಂದು ಹಣವನ್ನು ಕಳೆದುಕೊಂಡೆನು.

ಮರಗೆಲಸಕ್ಕೆ ತಕ್ಕ ಕಬ್ಬಿಣದ ವೈಸು ಬೇರೆ. ಅದನ್ನು ಬೆಂಚಿನ ಅಡಿಗೆ ಬಿಗಿಯುತ್ತಾರೆ. ದವಡೆಗಳು ಅಗಲವಾಗಿ ನುಣುಪಾಗಿರುತ್ತವೆ. ಮನೆಯ ಕೆಲಸಕ್ಕೆ 7 ಅಥವಾ 9 ಅಂಗುಲದ ದವಡೆ ಸಾಕು. ಕೆಲವುದರಲ್ಲಿ ಒಂದು ಸನ್ನೆಯನ್ನು ಒತ್ತಿದರೆ ದವಡೆ ತಿರುಪಿನ ಹಂಗಿಲ್ಲದೆ ಸರಿಯುತ್ತದೆ. ಕೊಳ್ಳುವಾಗ ದವಡೆಯನ್ನು ಅರ್ಧ ತೆರೆದು ಕೈಯಿಂದ ಅಲುಗಿಸಿ ನೋಡಿರಿ. ಬಹಳ ಓಲಾಡಿದರೆ ಬೇಡ. ಮುಚ್ಚಿದಾಗ ಮೇಲಂಚುಗಳು ಮೊದಲು ಕೂಡಬೇಕು. ಬಿಗಿದಂತೆ ಕೆಳಗೂ ಕೂಡುತ್ತವೆ. ಬಲಗೈಯವರು ಬೆಂಚಿನ ಮುಂಭಾಗದ ಎಡತುದಿಗೆ ಅದನ್ನು ಬಿಗಿಯಬೇಕು. ದವಡೆಗಳಿಗೆ ಮುಕ್ಕಾಲಂಗುಲದ ಸಾಗುವಾನಿ ಹಲಗೆ ಹೊದಿಸಿ, ಅದರ ಮೇಲಂಚನ್ನು ಬೆಂಚಿನ ಮಟ್ಟಕ್ಕೆ ತನ್ನಿರಿ. ಕಬ್ಬಿಣ ಅದಕ್ಕಿಂತ ಕೆಳಗಿದ್ದರೆ ಕೀಸುಳಿಯ ಅಲಗು ಕೆಡುವುದಿಲ್ಲ.

ಹೆಚ್ಚು ಹಣ ಕೊಡಲಾರದವರಿಗೆ ಕಾಲುವೈಸು ಉಂಟು. ಇದರಲ್ಲಿ ದವಡೆಯೇ ನೆಲದವರೆಗೆ ಇಳಿದ ಉದ್ದನೆಯ ಹಲಗೆ. ತಿರುಪು ಮಾತ್ರ ಕೊಂಡದ್ದು. ಉಳಿದುದನ್ನು ಊರ ಬಡಗಿಯೇ ಒಣಗಿದ ಜಾಲಿಯಲ್ಲಿ ಮಾಡಿಕೊಡಬಲ್ಲನು. ಕೆಳಗೆ ತೂತುಗಳುಳ್ಳ ಪಟ್ಟಿಯೊಂದಿರುತ್ತದೆ. ಮರದ ದಪ್ಪಕ್ಕೆ ತಕ್ಕ ತೂತಿಗೆ ಗೂಟ ಚುಚ್ಚಿದರೆ ದವಡೆ ನೆಟ್ಟಗೆ ನಿಲ್ಲುತ್ತದೆ. ಬಾಗುವುದು ತುಸು ತೊಂದರೆ, ಹಿಡಿತವೋ ಭದ್ರ.

ಯಾವ ವೈಸಾದರೂ ಒಂದು ದೋಷ ಸಮಾನ. ಮರವನ್ನು ದವಡೆಯ ಒಂದೇ ಮಗ್ಗುಲಲ್ಲಿ ಹಿಡಿದರೆ ದವಡೆ ಓರೆಯಾಗಿ ಹಿಡಿತ ಸಡಿಲುತ್ತದೆ. ಮತ್ತೊಂದು ಮಗ್ಗುಲಿಗೆ ಅಷ್ಟೇ ದಪ್ಪದ ತುಂಡನ್ನು ಇಡುವುದೇ ಪರಿಹಾರ. ಯಾದಗಿರಿಯಂಥ ಬಿಸಿಲುನಾಡಿನಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಬೇಸಗೆಯಲ್ಲಿ ಹಲಗೆ ಅಗಲದಲ್ಲಿ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ಉದ್ದದಲ್ಲಿ ಬಹುಮಟ್ಟಿಗೆ ಬದಲಾಗದು. ಆದುದರಿಂದ ವೈಸನ್ನು ಬಿಗಿದ ಬೋಲ್ಟುಗಳನ್ನು ವರ್ಷಕ್ಕೆರಡು ಬಾರಿ ಪರೀಕ್ಷಿಸತಕ್ಕದ್ದು.

ಕ್ಲ್ಯಾಂಪು ವೈಸಿನ ತಮ್ಮನೇ ಹೊರತು ಬದಲಿಯಲ್ಲ. ವೈಸು ಕೆಲಸವನ್ನು ಬೆಂಚಿಗೆ ಹಿಡಿಯುತ್ತದೆ; ಕ್ಲ್ಯಾಂಪು ಮುಖ್ಯವಾಗಿ ಮರವನ್ನು ಮರಕ್ಕೆ ಹಿಡಿಯುತ್ತದೆ. ಅಂಟು ಹಾಕಿದ ಕೂಡಿಕೆಗೆ ಇದು ಬೇಕೇ ಬೇಕು. 6 ಅಂಗುಲದ ಎರಡು ಕ್ಲ್ಯಾಂಪುಗಳಿಂದ ಪ್ರಾರಂಭಿಸಬಹುದು. ಅಡಿಗೆ ಹಳೆಯ ಮರದ ಚೂರನ್ನು ಇಡಿರಿ. ಅಂಟೆಲ್ಲ ಹೊರಬರುವಂತೆ ಅತಿಯಾಗಿ ಬಿಗಿಯಬೇಡಿರಿ. ಇದೂ ಕೈಗೂಡದಿದ್ದರೆ, ಬೆಂಚಿನ ಮೇಲೆ ಎರಡು ಅಡ್ಡಪಟ್ಟಿಗಳನ್ನು ಹೊಡೆದು, ನಡುವೆ ಮರವನ್ನಿಟ್ಟು, ಎದುರುಬದುರಾಗಿ ಎರಡು ಬೆಣೆಗಳನ್ನು ತಟ್ಟಿರಿ. ಖರ್ಚಿಲ್ಲದ ಹಿಡಿತ ಇದು.

ಹಣ ಪರಿಮಿತವಾಗಿದ್ದರೆ ಉಳಿಯ ಸಂಖ್ಯೆಯನ್ನು ಕಡಮೆಮಾಡಿ, ವೈಸಿನ ಗುಣವನ್ನು ಕಡಮೆಮಾಡಬೇಡಿರಿ. ಸುರಪುರದ ಆ ವೃದ್ಧರು ನಾನು ಹೊರಡುವಾಗ ನನ್ನ ಎಡಗೈಯನ್ನು ನೋಡಿದರು; ಏನೂ ಕೇಳಲಿಲ್ಲ. ತಮ್ಮ ಎಡಗೈಯನ್ನು ಚಾಚಿ ತೋರಿಸಿದರು. ಅಷ್ಟು ವರ್ಷ ಬಾಚಿ ಹಿಡಿದವರ ಕೈಯಲ್ಲಿ ಐದು ಬೆರಳೂ ನೆಟ್ಟಗಿದ್ದುವು.