ಟ್ರೇಲರ್ ಮನೆಯಲ್ಲಿ ಚಳಿಯ ರಾತ್ರಿ

ಅಮೆರಿಕ ದೇಶದಲ್ಲಿ ಮೋಟಾರು ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆಗಳು ಬಹಳವಾಗಿ ಬಳಕೆಯಲ್ಲಿವೆ. ಇವಕ್ಕೆ ಟ್ರೇಲರ್ ಎಂದು ಹೆಸರು. ಅಡಿಗೆಯ ಒಲೆ, ಸ್ನಾನದ ಗೂಡು, ಮಲಗುವ ಕೋಣೆ ಎಲ್ಲವೂ ಒಂದು ಗಾಡಿಯ ಅಗಲದಲ್ಲಿ ಅಡಕವಾಗಿರುತ್ತವೆ. ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಆ ದೇಶದಲ್ಲಿ ನೆಲೆಸಿರುವರಷ್ಟೆ. ತಂದೆತಾಯಿಗಳು ಅವರನ್ನು ನೋಡಲು ಹೋದಾಗ, ಇಂಥದೊಂದನ್ನು ಬಾಡಿಗೆಗೆ ಹಿಡಿದು ಗ್ರ್ಯಾಂಡ್ ಕ್ಯಾನಿಯನ್ ಮೊದಲಾದ ಸ್ಥಳಗಳನ್ನು ತೋರಿಸಿಕೊಂಡು ಬರುವುದುಂಟು. ಆ ಮಹಾಕಂದರದ ದಕ್ಷಿಣದ ಅಂಚು ಸಮುದ್ರಮಟ್ಟದಿಂದ ಸುಮಾರು 2,100 ಮೀಟರು ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಎತ್ತರ. ಏಪ್ರಿಲ್ ತಿಂಗಳಿನಲ್ಲಿಯೂ ಅಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವುದುಂಟು. ಮೈಸೂರಿನ ಮಾಗಿಯನ್ನೇ ಚಳಿಯೆಂದು ತಿಳಿದ ವೃದ್ಧರು ಅಲ್ಲಿ ಸುಖವಾಗಿ ನಿದ್ರಿಸುವುದು ಹೇಗೆ? ಅದಕ್ಕಿಂತ ಮುಖ್ಯವಾಗಿ, ಕ್ಷೇಮವಾಗಿ ಬೆಳಗನ್ನು ಕಾಣುವುದು ಹೇಗೆ?

ಈ ಕೋಣೆಗೆ ಇಷ್ಟು ಚಳಿ ಏಕೆಂಬುದನ್ನು ಮೊದಲು ತಿಳಿಯಬೇಕು. ನಮ್ಮ ಹಳೆಯ ಮನೆಗಳ ದಪ್ಪನೆಯ ಮಣ್ಣುಗೋಡೆಯು ಹಗಲಿನ ಬಿಸಿಲನ್ನು ಹೀರಿಟ್ಟುಕೊಂಡು ರಾತ್ರಿ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತದೆ. ಟ್ರೇಲರಿನ ತೆಳುಗೋಡೆಗೆ ಆ ಶಕ್ತಿಯಿಲ್ಲ. ನೆಲದ ಕೆಳಗೂ ಗಾಳಿ ಬೀಸುತ್ತಿರುತ್ತದೆ. ಮಂಚವು ಬಹುಮಟ್ಟಿಗೆ ಗಾಡಿಯ ಒಂದು ತುದಿಯಲ್ಲಿ, ಸಾಮಾನು ತುಂಬುವ ಪೆಟ್ಟಿಗೆಯ ಮೇಲೆ ಇರುವುದರಿಂದ, ಮಲಗಿದವರಿಗೆ ಪಕ್ಕದಿಂದಲೂ ಅಡಿಯಿಂದಲೂ ಶೀತವು ತಟ್ಟುತ್ತದೆ. ಇದರ ಮೇಲೆ, ಬಿಸಿಯನ್ನು ಅಳೆದು ಒಲೆಯನ್ನು ನಡೆಸುವ ಥರ್ಮೋಸ್ಟಾಟು ಸಾಮಾನ್ಯವಾಗಿ ನಡುಕೋಣೆಯಲ್ಲಿರುತ್ತದೆ. ಮಲಗುವ ಕೋಣೆಯ ಬಾಗಿಲನ್ನು ಮುಚ್ಚಿದರೆ, ನಡುಕೋಣೆ ಬೆಚ್ಚಗಾದೊಡನೆ ಒಲೆ ನಿಂತುಹೋಗುವುದು. ಒಳಗೆ ಮಲಗಿದವರು ನಡುಗುತ್ತಿರುವರು. ಬಾಗಿಲನ್ನು ತೆರೆದಿಡುವುದೇ ಇದಕ್ಕೆ ಸುಲಭವಾದ ಪರಿಹಾರ.

ಟ್ರೇಲರಿನೊಡನೆಯೇ ಬರುವ ಒಲೆಯು ಪ್ರೊಪೇನ್ ಅನಿಲದಿಂದ ಉರಿಯುತ್ತದೆ. ಅದರ ಜ್ವಾಲೆಯು ಮುಚ್ಚಿದ ಗೂಡಿನೊಳಗಿದ್ದು, ಹೊರಗಿನ ಗಾಳಿಯನ್ನೇ ಸೇವಿಸಿ, ಹೊಗೆಯನ್ನು ಹೊರಕ್ಕೇ ಬಿಡುತ್ತದೆ. ಬಿಸಿಗಾಳಿಯನ್ನು ಕೋಣೆಗಳಿಗೆ ನೂಕುವ ಬೀಸಣಿಗೆಯಾದರೋ ಬ್ಯಾಟರಿಯಿಂದ ತಿರುಗತಕ್ಕದ್ದು. ಚಳಿಯಲ್ಲಿ ಬ್ಯಾಟರಿಯ ಬಲ ಕುಗ್ಗುವುದು. ಅದು ಬರಿದಾದರೆ ಅನಿಲವೆಷ್ಟಿದ್ದರೂ ಒಲೆ ನಡೆಯಲಾರದು. ಆದುದರಿಂದ ಸಂಜೆಯೇ ಬ್ಯಾಟರಿ, ಅನಿಲ ಎರಡನ್ನೂ ನೋಡಿಕೊಳ್ಳಬೇಕು. ಹೊಗೆಯ ಕಿಂಡಿಗೆ ಹಿಮ ಕಟ್ಟಿಕೊಂಡಿದ್ದರೆ ಅದನ್ನು ತೆಗೆಯಬೇಕು.

ಇನ್ನು ಮುಖ್ಯವಾದ ಮಾತು. ಕೋಣೆಯನ್ನೆಲ್ಲ ಕಾಯಿಸುವುದಕ್ಕಿಂತ ಹಾಸಿಗೆಯನ್ನು ಬೆಚ್ಚಗಿಡುವುದು ಸುಲಭ, ಮಿತವ್ಯಯದ್ದು, ಅಪಾಯ ಕಡಮೆಯಾದದ್ದು. ವಿದ್ಯುತ್ತಿನ ಸಾಮಾನ್ಯ ಹೀಟರಿಗೆ 1,500 ವಾಟ್ ಬೇಕು; ವಿದ್ಯುತ್ ಕಂಬಳಿಗೆ ಅದರ ಹತ್ತರಲ್ಲೊಂದು ಪಾಲಿನಷ್ಟಾದರೆ ಸಾಕು. ಮಲಗುವುದಕ್ಕೆ ಅರ್ಧ ಗಂಟೆ ಮುಂಚೆ ಅದನ್ನು ಹಚ್ಚಿ, ಮಲಗುವಾಗ ಆರಿಸುವುದು ಒಳ್ಳೆಯ ಪದ್ಧತಿ. ರಬ್ಬರಿನ ಬಿಸಿನೀರಿನ ಚೀಲವೂ ಈ ಕೆಲಸವನ್ನು ಮಾಡಬಲ್ಲುದು. ಆದರೆ ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರ ಕಾಲಿಗೆ ಅದನ್ನು ತಾಗಿಸಿಡಬಾರದು; ಸುಟ್ಟುದು ಅವರಿಗೆ ತಿಳಿಯದೆ ಹೋದೀತು. ಹೊದಿಕೆಗಿಂತ ಮೊದಲು ಹಾಸಿಗೆಯ ಅಡಿಯನ್ನು ವಿಚಾರಿಸಬೇಕು. ಮೇಲೆ ನಾಲ್ಕು ಕಂಬಳಿಗಳನ್ನು ಹೇರಿಕೊಂಡು ಕೆಳಗೆ ತೆಳುವಾದ ಹಾಸಿಗೆಯಿದ್ದರೆ ಪ್ರಯೋಜನವಿಲ್ಲ. ದಪ್ಪನೆಯ ಉಣ್ಣೆಯ ಕಂಬಳಿಯೊಂದನ್ನು ಮಡಿಸಿ ಕೆಳಗೆ ಹಾಸುವುದು ಮೇಲು. ತಲೆಗೆ ಕುಲಾವಿ, ಕಾಲಿಗೆ ಒಣಗಿದ ಉಣ್ಣೆಯ ಕಾಲುಚೀಲ ಇರಲಿ. ಕಿಟಕಿಯ ಗಾಜಿಗೆ ದಪ್ಪನೆಯ ಪರದೆ ಇರಲಿ.

ಹೀಗೆ ಹೇಳಿದೊಡನೆ ಎಲ್ಲ ಸಂದುಗಳನ್ನೂ ಮುಚ್ಚಿಬಿಡಲು ಮನಸ್ಸಾಗುವುದು ಸಹಜ. ಅದು ಸಲ್ಲದು. ಇಬ್ಬರು ಮಲಗಿದ ಕೋಣೆಯಲ್ಲಿ, ಅವರ ಉಸಿರಿನಿಂದಲೂ ಚರ್ಮದಿಂದಲೂ ಒಂದು ರಾತ್ರಿಗೆ ಸುಮಾರು ಅರ್ಧ ಲೀಟರು ನೀರು ಗಾಳಿಗೆ ಸೇರುತ್ತದೆ. ಇದು ತಣ್ಣನೆಯ ಗಾಜಿನ ಮೇಲೆಯೂ ಹಾಸಿಗೆಯ ತಳದಲ್ಲಿಯೂ ಹನಿಗೂಡಿ, ಬಟ್ಟೆಗಳನ್ನು ಒದ್ದೆಮಾಡಿ, ಬೂಷ್ಟನ್ನು ಬೆಳೆಸುತ್ತದೆ. ಒದ್ದೆಯಾದ ಹಾಸಿಗೆಯಲ್ಲಿ ಬೆಚ್ಚಗಿರುವುದು ಸಾಧ್ಯವಿಲ್ಲ. ಮಾಡಿನ ಕಿಂಡಿಯನ್ನು ಒಂದು ಬೆರಳಿನಷ್ಟಾದರೂ ತೆರೆದಿಡುವುದು, ಬೆಳಿಗ್ಗೆ ಹಾಸಿಗೆಯನ್ನು ಎತ್ತಿ ಗಾಳಿಯಾಡಿಸುವುದು ಅವಶ್ಯಕ.

ಕಡೆಯದಾಗಿ, ಪ್ರಾಣಕ್ಕೆ ಸಂಬಂಧಿಸಿದ ವಿಷಯ. ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನು ಇಡುವುದು ನಮ್ಮಲ್ಲಿ ಹಳೆಯ ರೂಢಿ. ನಾಡಹೆಂಚಿನ ಸಂದುಗಳಿಂದ ಗಾಳಿಯಾಡುತ್ತಿದ್ದುದರಿಂದ ಎಷ್ಟೋ ಅನಾಹುತಗಳು ತಪ್ಪಿರಬೇಕು. ಆ ಅಭ್ಯಾಸವನ್ನು ನೆಚ್ಚಿ, ಟ್ರೇಲರಿನೊಳಗೆ ಇದ್ದಿಲಿನ ಒಲೆಯನ್ನು ತರುವುದಾಗಲಿ, ಅಡಿಗೆಯ ಒಲೆಯನ್ನು ಚಳಿಗೆಂದು ಉರಿಸಿಟ್ಟು ಮಲಗುವುದಾಗಲಿ ಸರ್ವಥಾ ಕೂಡದು. ಕಿಟಕಿಯನ್ನು ತೆರೆದಿದ್ದೇವೆಂಬುದೂ ಧೈರ್ಯಕ್ಕೆ ಕಾರಣವಲ್ಲ. ಗಾಳಿ ಸಾಲದೆ ಉರಿಯುವ ಬೆಂಕಿಯಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದು. ಎಚ್ಚರದಲ್ಲಿರುವವರಿಗೆ ತಲೆನೋವು, ತಲೆಸುತ್ತು, ವಾಕರಿಕೆಗಳು ಸೂಚನೆಯನ್ನು ಕೊಟ್ಟಾವು; ನಿದ್ರಿಸುವವರಿಗೆ ಆ ಸೂಚನೆಯೂ ಇಲ್ಲ. ಈ ಅನಿಲವನ್ನು ಗುರುತಿಸಿ ಕೂಗುವ ಗಂಟೆಯ ಯಂತ್ರವುಂಟು. ಅದು ಹಾಸಿಗೆಯ ಸಮೀಪದಲ್ಲಿರಬೇಕು. ಮಲಗುವ ಮುನ್ನ ಗುಂಡಿಯನ್ನೊತ್ತಿ ಪರೀಕ್ಷಿಸಬೇಕು. ಅದು ಕೂಗಿದರೆ ಕಾರಣವನ್ನು ಹುಡುಕುತ್ತ ಒಳಗೆ ನಿಲ್ಲದೆ, ಎಲ್ಲರನ್ನೂ ಎಬ್ಬಿಸಿಕೊಂಡು ಕೂಡಲೆ ಹೊರಕ್ಕೆ ಬರಬೇಕು.

ನಮ್ಮ ಊರುಗಳಲ್ಲಿಯೂ ಈಗ ಮನೆಗಳಿಗೆ ಕಾಂಕ್ರೀಟಿನ ಮಾಡು, ಭದ್ರವಾದ ಗಾಜಿನ ಕಿಟಕಿಗಳು ಬಂದಿವೆ. ಅಗ್ಗಿಷ್ಟಿಕೆಯ ವಿಷಯದಲ್ಲಿ ಟ್ರೇಲರಿಗೆ ಹೇಳಿದ ಮಾತು ಈ ಕೋಣೆಗಳಿಗೂ ಅಷ್ಟೇ ಸಲ್ಲುತ್ತದೆ. ಮನೆಯ ಹಿರಿಯರು ಇದನ್ನು ಮಗಳ ಬಾಣಂತನಕ್ಕೆ ಮುಂಚೆಯೇ ನೆನಪಿಗೆ ತಂದುಕೊಳ್ಳುವುದು ಒಳ್ಳೆಯದು.