ಗ್ರೋತೆಂಡೀಕ್ ಬೇಡವೆಂದ ಗೌರವ

1988ರಲ್ಲಿ ಸ್ವೀಡನ್ನಿನ ವಿಜ್ಞಾನ ಅಕಾಡೆಮಿ ಗಣಿತಜ್ಞ ಅಲೆಕ್ಸಾಂಡರ್ ಗ್ರೋತೆಂಡೀಕ್ ಮತ್ತು ಅವರ ಶಿಷ್ಯ ಪಿಯೆರ್ ಡೆಲೀನ್ ಇಬ್ಬರಿಗೂ ಸೇರಿಸಿ ಕ್ರಾಫೋರ್ಡ್ ಪ್ರಶಸ್ತಿ ಘೋಷಿಸಿತು. ಗ್ರೋತೆಂಡೀಕ್ ಬೇಡವೆಂದು ಕಾಗದ ಬರೆದರು. ಪ್ಯಾರಿಸ್ಸಿನ ‘ಲ ಮೊಂದ್’ ಪತ್ರಿಕೆ ಅದನ್ನು ಅಚ್ಚುಹಾಕಿತು. ಪ್ರಾಧ್ಯಾಪಕನ ಸಂಬಳ, ನಿವೃತ್ತಿಯ ಪಿಂಚಣಿ ತನಗೂ ತನ್ನನ್ನು ನಂಬಿದವರಿಗೂ ಧಾರಾಳವಾಯಿತು. ಹೊಸ ವಿಚಾರ ಫಲ ಕೊಟ್ಟೀತೇ ಎಂಬುದನ್ನು ಕಾಲ ಹೇಳಬೇಕೇ ಹೊರತು ಸನ್ಮಾನವಲ್ಲ. ಒಬ್ಬರು ಕಂಡದ್ದನ್ನು ಇನ್ನೊಬ್ಬರು ದೋಚುವುದು ಮಾಮೂಲಾಗಿರುವ ವಿಜ್ಞಾನಲೋಕದಲ್ಲಿ ಬಹುಮಾನ ಪಡೆದರೆ ಆ ನಡವಳಿಕೆಗೆ ಒಪ್ಪಿಗೆ ಕೊಟ್ಟಂತೆ. ಇದು ಆ ಕಾಗದದ ಸಾರ.

ಈ ಕೆಚ್ಚು ದಿಢೀರನೆ ಹುಟ್ಟಿದ್ದಲ್ಲ. ಬರ್ಲಿನ್‌ನಲ್ಲಿ 1928ರಲ್ಲಿ ಜನಿಸಿದ ಅವರ ಬಾಲ್ಯವನ್ನು ಯುದ್ಧ ನುಂಗಿತು. ಯಹೂದಿ ತಂದೆ ಆಶ್‌ವಿಟ್ಜ್‌ನಲ್ಲಿ ಕೊಲೆಯಾದರು. ತಾಯಿಯೊಡನೆ ಹುಡುಗ ಫ್ರಾನ್ಸಿನ ಬಂದಿಶಿಬಿರದಲ್ಲಿದ್ದ. ಯುದ್ಧ ಮುಗಿದ ಮೇಲೆ ಮೊಂಪೆಲಿಯೇ ವಿಶ್ವವಿದ್ಯಾಲಯ ಸೇರಿದ. ಉದ್ದ, ವಿಸ್ತೀರ್ಣ, ಘನಗಾತ್ರ ಎಂದರೇನು ಎಂಬುದಕ್ಕೆ ಪಠ್ಯಪುಸ್ತಕಗಳು ಕೊಟ್ಟ ಉತ್ತರ ಅವನಿಗೆ ಒಪ್ಪಿಗೆಯಾಗಲಿಲ್ಲ. ಯಾರನ್ನೂ ಕೇಳದೆ ತಾನೇ ಒಂದು ಸಿದ್ಧಾಂತ ಕಟ್ಟಿದ. ಪ್ಯಾರಿಸ್ಸಿಗೆ ಹೋಗುವ ವೇಳೆಗೆ ತಿಳಿಯಿತು: ಲೆಬೆಗ್ ಎಂಬ ಗಣಿತಜ್ಞ ದಶಕಗಳ ಹಿಂದೆಯೇ ಅದನ್ನು ಮಾಡಿಬಿಟ್ಟಿದ್ದರು. ಆ ವರ್ಷಗಳು ದಂಡವಾದವು ಎಂದು ಗ್ರೋತೆಂಡೀಕ್ ಎಂದೂ ಭಾವಿಸಲಿಲ್ಲ. ಒಬ್ಬನೇ ಇರುವುದನ್ನು ಅಲ್ಲಿ ಕಲಿತೆ ಎಂದು ‘ರೆಕೋಲ್ತ್ ಎ ಸೆಮಾಯ್’ ಎಂಬ ಆತ್ಮಾವಲೋಕನದಲ್ಲಿ ಬರೆದರು. ತನಗಿಂತ ಚುರುಕಾದ ಗೆಳೆಯರನ್ನು ಅವರು ಕಂಡಿದ್ದರು. ಆದರೆ ಆ ಗೆಳೆಯರು ಹಿಂದಿನವರು ಹಾಕಿಕೊಟ್ಟ ಬೇಲಿಯಾಚೆ ಕಾಲಿಡಲಿಲ್ಲ ಎಂಬುದು ಅವರ ಅನಿಸಿಕೆ.

ಏಕಾಂತವೆಂದರೆ ಅವರಿಗೆ ಜನರಿಂದ ದೂರವಿರುವುದಾಗಿರಲಿಲ್ಲ. 1958ರಿಂದ 1970ರವರೆಗೆ ಪ್ಯಾರಿಸ್ ಬಳಿಯ ಉನ್ನತ ವಿಜ್ಞಾನ ಅಧ್ಯಯನ ಸಂಸ್ಥೆಯಲ್ಲಿ ಶಿಷ್ಯರ ನಡುವೆಯೇ ಅವರು ಬೀಜರೇಖಾಗಣಿತವನ್ನು ಬುಡದಿಂದ ಕಟ್ಟಿದರು. ಕಠಿಣ ಪ್ರಮೇಯವನ್ನು ಅಕ್ರೋಟಿಗೆ ಹೋಲಿಸಿದವರು ಅವರು: ಉಳಿ, ಸುತ್ತಿಗೆಯಿಂದ ಒಡೆಯಬೇಕಿಲ್ಲ, ನೀರಿನಲ್ಲಿ ನೆನೆಯಲು ಬಿಟ್ಟರೆ ಚಿಪ್ಪು ತಾನೇ ಮೆತ್ತಗಾಗುತ್ತದೆ. ಸತ್ಯಕ್ಕೆ ಅವಸರವಿಲ್ಲ, ಕಾಯುವವನಿಗೆ ಅದು ತೆರೆದುಕೊಳ್ಳುತ್ತದೆ ಎಂಬ ನಂಬಿಕೆ ಅದರಲ್ಲಿದೆ. ಸಭೆ, ಸನ್ಮಾನ, ಹೆಸರು ಇವೆಲ್ಲ ಆ ಕಾಯುವಿಕೆಯನ್ನು ಕೆಡಿಸುತ್ತವೆ.

1966ರಲ್ಲಿ ತಮಗೆ ಸಂದ ಗಣಿತದ ಫೀಲ್ಡ್ಸ್ ಪದಕದ ಸಮಾರಂಭಕ್ಕೆ, ಸೋವಿಯತ್ ಸರ್ಕಾರವನ್ನು ಪ್ರತಿಭಟಿಸಿ, ಅವರು ಮಾಸ್ಕೋಗೆ ಹೋಗಲಿಲ್ಲ. ತಮ್ಮ ಸಂಸ್ಥೆಗೆ ರಕ್ಷಣಾ ಇಲಾಖೆಯ ಹಣ ಬರುತ್ತಿರುವುದು ತಿಳಿದಾಗ ಆ ಸಂಸ್ಥೆಯನ್ನೂ ತೊರೆದರು.

1991ರಲ್ಲಿ ಪಿರೆನೀಸ್ ತಪ್ಪಲಿನ ಲಾಸೇರ್ ಎಂಬ ಹಳ್ಳಿ ಸೇರಿ ಬಾಗಿಲು ಹಾಕಿಕೊಂಡರು. ಈ ಕೊನೆಯ ಒಂಟಿತನವನ್ನು ಮೊಂಪೆಲಿಯೇಯ ಏಕಾಂತದ ಜೊತೆಗಿಟ್ಟು ಹೊಗಳಲು ನನಗೆ ಮನಸ್ಸಾಗದು. ಅಲ್ಲಿ ಹುಡುಕಾಟವಿತ್ತು, ಇಲ್ಲಿ ಶಿಷ್ಯರು ತನ್ನ ಕೆಲಸವನ್ನು ಹೂತುಹಾಕಿದರೆಂಬ ನೋವು ಬೆರೆತಿತ್ತು. 2010ರಲ್ಲಿ ತನ್ನ ಬರಹಗಳನ್ನು ಯಾರೂ ಪ್ರಕಟಿಸಬಾರದೆಂದು ಪತ್ರ ಬರೆದರು. 2014ರ ನವೆಂಬರ್ 13ರಂದು ತೀರಿಕೊಂಡರು. ಬದುಕಿದ್ದಾಗ ಪುಸ್ತಕವಾಗದೆ ಕೈಯಿಂದ ಕೈಗೆ ದಾಟುತ್ತಿದ್ದ ಆ ಆತ್ಮಾವಲೋಕನವನ್ನು ಗಾಲಿಮಾರ್ ಪ್ರಕಾಶನ 2022ರಲ್ಲಿ ಹೊರತಂದಿತು.