ಕರಗುವ ಗಣಪ, ಕರಗದ ಹಣತೆ

ಚೌತಿ ಹತ್ತಿರವಾದಂತೆ ಅನೇಕ ಶಾಲೆಗಳಲ್ಲಿ ಮಣ್ಣಿನ ಗಣಪನನ್ನು ಮಾಡಿಸುವ ಶಿಬಿರಗಳು ನಡೆಯುತ್ತವೆ. ಒಳ್ಳೆಯದೇ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿ ಕೆರೆಯಲ್ಲಿ ಸುಲಭವಾಗಿ ಕರಗದು, ಮಣ್ಣಿನದು ಕರಗುತ್ತದೆ ಎಂದು ಮಕ್ಕಳಿಗೆ ಹೇಳಿಯೂ ಕೊಡುತ್ತೇವೆ. ಆದರೆ ಎರಡು ತಿಂಗಳು ಕಳೆಯುವಷ್ಟರಲ್ಲಿ ದೀಪಾವಳಿ. ಆಗ ಹಚ್ಚುವ ಹಣತೆಯೂ ಮಣ್ಣಿನದೇ ಅಲ್ಲವೇ? ಅದೇಕೆ ಕರಗುವುದಿಲ್ಲ? ಈ ಪ್ರಶ್ನೆ ಕೇಳದೆ ಶಿಬಿರ ಮುಗಿಸಿದರೆ ಪಾಠ ಅರ್ಧಕ್ಕೇ ನಿಂತಂತೆ.

ಜೇಡಿಮಣ್ಣಿನ ಕಣಗಳು ಬಲು ಸಣ್ಣ ಹಾಳೆಗಳಂತಿರುತ್ತವೆ. ನಡುವೆ ನೀರಿರುವಾಗ ಅವು ಒಂದರ ಮೇಲೊಂದು ಜಾರುತ್ತವೆ. ಆದ್ದರಿಂದಲೇ ಮಣ್ಣು ನಮ್ಮ ಬೆರಳಿಗೆ ಮಣಿಯುತ್ತದೆ. ಒಣಗುವಾಗ ಈ ನೀರು ಹೋಗಿ ಮಣ್ಣು ಕುಗ್ಗುತ್ತದೆ. ಹಸಿ ಮಣ್ಣಿನ ಪಟ್ಟಿಯ ಮೇಲೆ 10 ಸೆಂಟಿಮೀಟರ್ ಗೆರೆ ಎಳೆದಿಡಿ. ಒಣಗಿದ ಮೇಲೆ ಅಳೆದರೆ ಕೆಲವು ಮಿಲಿಮೀಟರ್ ಕಡಿಮೆಯಾಗಿರುತ್ತದೆ. ತೆಳ್ಳಗಿನ ಅಂಚು ಬೇಗ, ದಪ್ಪ ತಳ ತಡವಾಗಿ ಕುಗ್ಗಿದರೆ ಬಿರುಕು. ಕುಂಬಾರರು ಹಸಿ ಮಡಕೆಯನ್ನು ನೆರಳಿನಲ್ಲಿ ಒಣಗಿಸುವುದು ಇದಕ್ಕೇ.

ಇನ್ನೊಂದು ನೀರಿದೆ. ಅದು ಮಣ್ಣಿನ ರಾಸಾಯನಿಕ ರಚನೆಯಲ್ಲೇ ಬಂಧಿಯಾದದ್ದು; ಬಿಸಿಲಿಗೆ ಬಗ್ಗುವುದಿಲ್ಲ. ಆವಿಗೆಯ ಕಾವು ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಹೊರಬೀಳುತ್ತದೆ. ಅಲ್ಲಿಂದ ಮುಂದೆ ಅದನ್ನು ಎಷ್ಟು ನೆನೆಸಿದರೂ ಮತ್ತೆ ಕಲಸಲಾಗದು. ಭೌತ ಬದಲಾವಣೆ, ರಾಸಾಯನಿಕ ಬದಲಾವಣೆ ಎಂದು ಬಾಯಿಪಾಠ ಮಾಡುವ ಮಕ್ಕಳ ಮುಂದೆ ಎರಡು ಬಟ್ಟಲು ನೀರಿಡಿ. ಒಂದಕ್ಕೆ ಬರೀ ಒಣಗಿದ ಹಣತೆ, ಇನ್ನೊಂದಕ್ಕೆ ಸುಟ್ಟದ್ದು. ಮೊದಲನೆಯದು ಕಣ್ಣೆದುರೇ ಕುಸಿಯುತ್ತದೆ. ಎರಡನೆಯದರಿಂದ ಗುಳ್ಳೆಗಳೇಳುತ್ತವೆ. ಅದರ ರಂಧ್ರಗಳಲ್ಲಿದ್ದ ಗಾಳಿ ಅದು. ಮಡಕೆಯ ನೀರು ತಣ್ಣಗಿರುವುದೂ ಇಂಥ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವುದರಿಂದಲೇ.

ಹೈಸ್ಕೂಲಿಗೆ ಬಂದ ಮೇಲೆ ಮಣ್ಣಾಟವೇಕೆ, ಟ್ಯೂಷನ್‌ಗೆ ಹೋಗಲಿ ಎನ್ನುವ ಪಾಲಕರಿದ್ದಾರೆ. ಈ ಉತ್ತರಾರ್ಧ ತಿಳಿಯುವ ವಯಸ್ಸೇ ಅದು ಎಂಬುದು ನನ್ನ ಅಭಿಪ್ರಾಯ. ಪುಟ್ಟ ಮಕ್ಕಳಿಗೆ ಉಂಡೆ ಮಾಡಿ ಹೆಬ್ಬೆರಳಿನಿಂದ ಕುಳಿ ತೆಗೆಯುವುದು, ಮಣ್ಣಿನ ಹುರಿ ಸುತ್ತಿ ಬಟ್ಟಲು ಕಟ್ಟುವುದು ಸಾಕು. ಅವರನ್ನು ತಿಗರಿಯ ಮುಂದೆ ಕೂರಿಸುವುದು ಹೆಚ್ಚಾಗಿ ಫೋಟೊಕ್ಕೆ!

ಸುಡುವ ಕೆಲಸ ಮನೆಯಲ್ಲಿ ಬೇಡ. ಹತ್ತಿರದ ಕುಂಬಾರರನ್ನು ಕೇಳಿ, ಹಣ ಕೊಟ್ಟು, ಅವರ ಆವಿಗೆಯಲ್ಲಿ ಮಕ್ಕಳ ಹಣತೆಗಳಿಗೂ ಜಾಗ ಮಾಡಿಸಿ. ಮಕ್ಕಳು ದೂರ ನಿಂತು ನೋಡಲಿ. ದಪ್ಪನೆಯ ಗಟ್ಟಿ ಗೊಂಬೆಗಳನ್ನು ಮಾತ್ರ ಕೊಡಬೇಡಿ. ಒಳಗುಳಿದ ತೇವ ಹಬೆಯಾಗುವಾಗ ಸಾವಿರದ ಆರುನೂರು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ. ಗೊಂಬೆ ಸಿಡಿದು ಅವರ ಮಡಕೆಗಳೂ ಒಡೆದಾವು. ತರಗತಿಯಲ್ಲಿ ಬಿದ್ದ ಒಣಮಣ್ಣನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಆವಿಗೆಯಿಂದ ಒಡೆದು ಬಂದ ಹಣತೆಯನ್ನೂ ಎಸೆಯಬೇಡಿ. ಒಡೆದ ಅಂಚನ್ನು ನೋಡಿ: ಹೊರಗೆ ಕೆಂಪು, ಅದು ಕಬ್ಬಿಣದ ಆಕ್ಸೈಡಿನ ಬಣ್ಣ. ನಡುವೆ ಕಪ್ಪು ಗೆರೆಯಿದ್ದರೆ ಅಲ್ಲಿಗೆ ಸಾಕಷ್ಟು ಆಮ್ಲಜನಕ ತಲುಪದೆ, ಮಣ್ಣಿನಲ್ಲಿದ್ದ ಇಂಗಾಲ ಉರಿಯದೆ ಉಳಿದಿದೆ.